ಗೆರೆ ಬಾಗುವ ಜಾಗ

ಮತ್ತೆ ಅದೇ ಜಾಗದಲ್ಲಿ.

ಟೀಚರಮ್ಮ ಹಾಳೆಯನ್ನು ತೋಳುದ್ದ ದೂರ ಹಿಡಿದು, ಚಿತ್ರ ಬರೆಯುವವರ ಅಭ್ಯಾಸದಂತೆ ಒಂದು ಕಣ್ಣು ಮುಚ್ಚಿ, ಇನ್ನೊಮ್ಮೆ ನೋಡಿದರು. ಒಂದರ ಕೆಳಗೊಂದು ಎಳೆದ ಅಡ್ಡಗೆರೆಗಳು. ಶುರು ಚೆನ್ನಾಗಿದೆ, ಕೊನೆಯೂ ಚೆನ್ನಾಗಿದೆ. ಆದರೆ ಯಾವ ಗೆರೆಯ ಮೇಲೆ ದೃಷ್ಟಿ ನೆಟ್ಟರೂ ಅದರ ನಡು ಸ್ವಲ್ಪ ಬಾಗಿತ್ತು.

"ಇಲ್ಲಿ," ಎಂದು ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದರು. "ಇಲ್ಲೂ. ನಡುವಿಗೆ ಬರುವಾಗ ನಿನ್ನ ಮನಸ್ಸು ಎಲ್ಲಿ ಹೋಗುತ್ತೆ?"

"ಎಲ್ಲೂ ಹೋಗಿಲ್ಲ ಟೀಚರ್. ಉಸಿರು ಬಿಗಿಹಿಡಿದು ಎಳೆದೆ."

"ಉಸಿರು ಹಿಡಿ ಅಂದೆನಾ? ಇದೇನು ಈಜುಕೊಳನಾ?"

ಎದುರು ಕೂತಿದ್ದ ಹೊಲಿಗೆಯ ಹುಡುಗಿ ತಲೆ ತಗ್ಗಿಸಿದಳು. ಹುಡುಗಿ ಎಂದು ಕರೆದರೂ ಅವಳಿಗೆ ಶಾಲೆಗೆ ಹೋಗುವ ಮಗಳಿದ್ದಾಳೆ. ಬಟ್ಟೆ ಕಾರ್ಖಾನೆಯಲ್ಲಿ ಮಿಶಿನ್ನಿನ ಮುಂದೆ ಬಗ್ಗಿ ಕೂತು ಕೂತು ಸೊಂಟ ಹೋಗಿದೆ. ಹೀಗೇ ಕೂತರೆ ಮುಂದೆ ಏಳುವುದೇ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅದೇ ಕಾರ್ಖಾನೆಯಲ್ಲಿ ನಿಂತು ಮಾಡುವ ಕೆಲಸವೊಂದು ಖಾಲಿ ಇದೆ: ಕತ್ತರಿಸುವ ಮೊದಲು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಯಾರ ಕೈ ನೇರವಿದೆ ಎಂಬ ವಿಷಯದಲ್ಲಿ ಕಟಿಂಗ್ ಮಾಸ್ಟರ್ ನಂಬುವುದು ಟೀಚರಮ್ಮನ ಮಾತೊಂದನ್ನೇ. ಅವರು ಹೂಂ ಅಂದರೆ ಕೆಲಸ. ಊಹೂಂ ಅಂದರೆ ಮತ್ತೆ ಮಿಶಿನ್ನು. ಮಾಸ್ಟರ್ ಇವತ್ತು ಸಂಜೆ ಫೋನ್ ಮಾಡುತ್ತೇನೆಂದಿದ್ದ.

"ಇನ್ನೊಂದು ಹಾಳೆ ತಗೋ. ಮೊಣಕೈ ಊರಬೇಡ, ಭುಜದಿಂದ ಎಳಿ."

ಹುಡುಗಿ ಎಳೆದಳು. ಟೀಚರಮ್ಮ ಅವಳ ಕೈಯನ್ನೇ ನೋಡುತ್ತಿದ್ದರು. ಕೈ ತಡವರಿಸಲಿಲ್ಲ, ನಡುಗಲಿಲ್ಲ. ಅವರನ್ನು ಕೊರೆಯುತ್ತಿದ್ದದ್ದೂ ಅದೇ. ಬಾರದವರ ಗೆರೆ ಒಂದೊಂದು ಸಲ ಒಂದೊಂದು ಕಡೆ ಸೊಟ್ಟಗಾಗುತ್ತದೆ. ಪ್ರತಿ ಸಲ ಒಂದೇ ಥರ ಬಾಗಿಸಬೇಕಾದರೆ ಕೈ ಚೆನ್ನಾಗಿ ಪಳಗಿರಬೇಕು.

ಅಂದರೆ, ಬೇಕೆಂದೇ ಮಾಡುತ್ತಿದ್ದಾಳೆ.

ಈಚೆಗೆ ಬರುವವರೆಲ್ಲ ಹೀಗೇ. ಹೋದ ತಿಂಗಳು ಮಾಸ್ಟರ್ ಕಳಿಸಿದ್ದ ಇಬ್ಬರನ್ನು ಇದೇ ತಪ್ಪಿಗೆ ವಾಪಸ್ ಕಳಿಸಿದ್ದರು. ಇವಳನ್ನು ಕರೆತಂದವಳು ಇವಳ ಸ್ನೇಹಿತೆಯಾದ ಸೊಸೆ. ಕ್ಲಾಸು ಸಾಕು ಮಾಡಿ, ಆರಾಮಾಗಿರಿ ಅತ್ತೆ ಎಂದು ವರ್ಷದಿಂದ ಹೇಳುತ್ತಿರುವವಳೂ ಅವಳೇ. ಆರಾಮು ಎಂದರೆ ಈ ಮಹಡಿಯ ಕೋಣೆ ಬಿಟ್ಟುಕೊಟ್ಟು ಕೆಳಗೆ ಟಿವಿ ಮುಂದೆ ಕೂರುವುದು. ಇಡೀ ಮನೆಯಲ್ಲಿ ತಮ್ಮ ಮಾತಿಗೆ ಬೆಲೆ ಇರುವ ಜಾಗ ಇದೊಂದೇ. ಮುದುಕಿಗೆ ಗೊತ್ತಾಗುತ್ತದೋ ಇಲ್ಲವೋ ನೋಡೋಣ ಎಂದು ಇಬ್ಬರೂ ಸೇರಿ ಆಟ ಕಟ್ಟಿದ್ದಾರೆಯೇ?

ಹುಡುಗಿ ಹಾಳೆ ಕೊಟ್ಟಳು. ಟೀಚರಮ್ಮ ಒಂದು ಕಣ್ಣು ಮುಚ್ಚಿ ನೋಡಿದರು. ಬಾಗು ಅಲ್ಲೇ ಇತ್ತು. ಹಾಗೇ, ಒಂದು ಕಣ್ಣು ಮುಚ್ಚಿಕೊಂಡೇ, ತಲೆ ಎತ್ತಿದರು. ಹುಡುಗಿಯ ತುಟಿ ಒಂದು ಕಡೆ ಸೊಟ್ಟಗಾಗಿತ್ತು.

"ಯಾಕೆ ನಗ್ತಿದೀಯಾ?"

"ನಾನಾ? ಇಲ್ಲ ಟೀಚರ್." ಅವಳ ದನಿ ಅಳುವ ಹಾಗಿತ್ತು.

ಕಾಫಿ ತಂದ ಸೊಸೆ ಲೋಟ ಇಟ್ಟು ಹಾಳೆಯತ್ತ ಬಗ್ಗಿದಳು. "ಅತ್ತೆ, ನನಗೇನೋ ನೆಟ್ಟಗೇ ಕಾಣುತ್ತೆ."

"ನಿನಗೆ ನಿನ್ನ ಗಂಡನೂ ನೆಟ್ಟಗೇ ಕಾಣ್ತಾನೆ."

"ಅವರನ್ನ ಬೆಳೆಸಿದವರು ನೀವು," ಎಂದಳು ಸೊಸೆ. ಆದರೆ ಕೆಳಗಿಳಿಯದೆ ಬಾಗಿಲಲ್ಲೇ ನಿಂತಳು. ಸ್ನೇಹಿತೆಯರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡದ್ದು ಟೀಚರಮ್ಮನ ಕಣ್ಣಿಗೆ ಬಿತ್ತು.

ಫೋನ್ ಹೊಡೆದುಕೊಂಡಿತು. ಟೀಚರಮ್ಮ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಇಬ್ಬರೂ ಕೇಳಿಸಿಕೊಳ್ಳಲಿ.

"ಹೇಳಿ ಟೀಚರ್," ಎಂದ ಮಾಸ್ಟರ್. "ಇವಳನ್ನೇ ಹಾಕ್ಕೊಳ್ಳಲಾ, ಬೇರೆಯವರನ್ನ ನೋಡಲಾ?"

"ಡೊಂಕು ಇದೆ ಮಾಸ್ಟರೇ. ಎಷ್ಟು ಹೇಳಿದರೂ ತಿದ್ದಿಕೊಳ್ತಿಲ್ಲ."

ಹುಡುಗಿ ಸೊಂಟ ಹಿಡಿದುಕೊಂಡು ಎದ್ದಳು. ಚೀಲದಿಂದ ಸ್ಟೀಲಿನ ಸ್ಕೇಲು ತೆಗೆದು ಹಾಳೆಯ ಪಕ್ಕ ಇಟ್ಟಳು.

"ಇದನ್ನಿಟ್ಟು ತೋರಿಸಿಬಿಡಿ ಟೀಚರ್. ಡೊಂಕು ಎಲ್ಲಿದೆ ಅಂತ ನಾನೂ ನೋಡ್ತೀನಿ. ಇದ್ದರೆ ನಾಳೆಯೇ ಮಿಶಿನ್ನಿಗೆ ಹೋಗಿ ಕೂರ್ತೀನಿ."

"ತೋರಿಸದೆ ಬಿಡ್ತೀನಾ?" ಟೀಚರಮ್ಮ ಸ್ಕೇಲನ್ನು ಗೆರೆಯ ಅಂಚಿಗೆ ಸೇರಿಸಿ, ಎಡಗಣ್ಣು ಮುಚ್ಚಿ, ಬಗ್ಗಿ ನೋಡಿದರು.

ಗೆರೆಗೂ ಸ್ಕೇಲಿಗೂ ನಡುವೆ ಕೂದಲೆಳೆಯಷ್ಟೂ ಸಂದು ಇರಲಿಲ್ಲ. ಎರಡೂ ಜೊತೆಯಾಗಿ ಬಾಗಿದ್ದವು.

ಓಹೋ, ಮನೆಯಲ್ಲಿ ಈ ಸೊಟ್ಟ ಸ್ಕೇಲಿಟ್ಟೇ ಕೈ ಪಳಗಿಸಿಕೊಂಡಿದ್ದಾಳೆ. ಸಿಕ್ಕಿಬಿದ್ದಳು. ಸೊಟ್ಟ ಸ್ಕೇಲನ್ನು ಹಿಡಿಯುವುದು ಸುಲಭ: ಮಗುಚಿ ಇಟ್ಟರೆ ಬಾಗು ಎದುರು ಕಡೆಗೆ ತಿರುಗಿ ತಾನೇ ಬಯಲಾಗುತ್ತದೆ. ಟೀಚರಮ್ಮ ಮಗುಚಿ ಇಟ್ಟರು.

ಬಾಗು ತಿರುಗಲಿಲ್ಲ.

ಇನ್ನೊಮ್ಮೆ ಮಗುಚಿದರು. ಮುಚ್ಚಿದ್ದ ಕಣ್ಣು ತೆರೆದರು, ಮತ್ತೆ ಮುಚ್ಚಿದರು, ತೆರೆದರು. ಕಾಫಿ ಆರುತ್ತಿತ್ತು. ಹುಡುಗಿಯೂ ಸೊಸೆಯೂ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದರು. ಕೆಲಸ ಕೊಡಿ ಎಂದಷ್ಟೇ ಹೇಳಿ ಫೋನಿಟ್ಟರೆ ಆಯಿತು. ಯಾರೂ ಏನೂ ಕೇಳುವುದಿಲ್ಲ, ಕೋಣೆ ತಮ್ಮದಾಗಿಯೇ ಇರುತ್ತದೆ, ಮುಂದಿನ ವಾರ ಇನ್ನೊಬ್ಬಳು ಹಾಳೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾಳೆ.

"ಟೀಚರ್, ಇದೀರಾ? ಏನು ಮಾಡಲಿ ಹೇಳಿ."

ಟೀಚರಮ್ಮ ಕೆಂಪು ಪೆನ್ಸಿಲನ್ನು ಹುಡುಗಿಯ ಕಡೆಗೆ ಸರಿಸಿ ಫೋನಿನತ್ತ ಬಗ್ಗಿದರು.

"ಹುಡುಗಿಯನ್ನ ತಗೊಳ್ಳಿ ಮಾಸ್ಟರೇ. ಡೊಂಕು ಇರೋದು ನನ್ನ ಬಲಗಣ್ಣಲ್ಲಿ."