ಕೈಕೊಟ್ಟ ತಮ್ಮ

"ನಿಮ್ಮ ತಮ್ಮ ಮೋಸಗಾರ ಅಂತ ಬರೆಯೋಕೆ ಹೊರಟಿದೀನಿ," ಎಂದಳು ಪತ್ರಿಕೆಯವಳು, ಕೂರುವ ಮೊದಲೇ. "ಹೇಳೋದೇನಾದ್ರೂ ಇದ್ರೆ ಈಗಲೇ ಹೇಳಿಬಿಡಿ."

ಅಕ್ಕ ತಲೆಯೆತ್ತಲಿಲ್ಲ. ತಾಮ್ರದ ತಗಡಿಗೆ ಮೆತ್ತಿದ ಶಾಯಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಮೊದಲಾಗಿದ್ದರೆ ಇಂಥ ಮಾತಿಗೆ ರೇಗಿ ಬೀದಿ ಒಂದು ಮಾಡುತ್ತಿದ್ದಳು. ಎರಡು ವರ್ಷದಿಂದ ಅವಳಿಗೆ ಸಿಟ್ಟೂ ಬರುವುದಿಲ್ಲ, ಅಳುವೂ ಬರುವುದಿಲ್ಲ. ಮನಸ್ಸು ಮರಗಟ್ಟಿದೆ, ಚಿವುಟಿದರೂ ಗೊತ್ತಾಗದು. ತಗಡನ್ನು ಅಚ್ಚುಯಂತ್ರದ ಮೇಲಿಟ್ಟು, ಹಾಳೆ ಹಾಸಿ, ಚಕ್ರ ತಿರುಗಿಸಿದಳು. ಯಂತ್ರದ ಮೋಟಾರನ್ನು ಎಂದೋ ಕಳಚಿ ಮೂಲೆಗೆ ಎಸೆದಿದ್ದಳು.

ತಮ್ಮನಿಗೆ ಜನ ಇಟ್ಟ ಹೆಸರು ಗೀಚಪ್ಪ. ಆಲೂಗಡ್ಡೆಯಂಥ ತಲೆ, ಕಡ್ಡಿಯಂಥ ಕಾಲು, ಕೆಳಗೆ ಸೊಟ್ಟ ಅಕ್ಷರದಲ್ಲಿ ಒಂದು ಒಣಮಾತು. ಅವನ ಅಚ್ಚುಚಿತ್ರ ಎಂದರೆ ಇಷ್ಟೇ. ಆಫೀಸಿನ ಕುರ್ಚಿಯಲ್ಲಿ ಕೂತ ನಾಯಿ: 'ಸಾಹೇಬರು ಊಟಕ್ಕೆ ಹೋಗಿದ್ದಾರೆ.' ನೋಡಿದವರು ಬಿದ್ದು ಬಿದ್ದು ನಗುತ್ತಿದ್ದರು. ನಾಳೆ ಅವನ ಮೊದಲ ದೊಡ್ಡ ಪ್ರದರ್ಶನ. ಆಸಾಮಿ ಮಾತ್ರ ಯಾರಿಗೂ ಮುಖ ತೋರಿಸುವವನಲ್ಲ.

ಪತ್ರಿಕೆಯವಳು ಹಳೆಯ ಚಿತ್ರವೊಂದನ್ನು ಮೇಜಿನ ಮೇಲೆ ಹರಡಿಟ್ಟಳು. ಒಬ್ಬ ಮುದುಕಿಯ ಮುಖ; ಒಂದೊಂದು ಸುಕ್ಕಿಗೂ ಜೀವವಿತ್ತು. ಸಹಿ ಇರಲಿಲ್ಲ, ಈ ಅಚ್ಚುಮನೆಯ ಮುದ್ರೆ ಮಾತ್ರ.

"ಇಷ್ಟು ಚೆನ್ನಾಗಿ ಬರೆಯೋ ಮನುಷ್ಯ ಬೇಕಂತಲೇ ಮಗು ಥರ ಗೀಚಿ ಜನರ ಕಿವಿಗೆ ಹೂವಿಡ್ತಿದಾನೆ. ಸುಳ್ಳಾ?"

ಈ ಮಾತು ಪತ್ರಿಕೆಯಲ್ಲಿ ಬಂದರೆ ನಾಳೆಯ ಪ್ರದರ್ಶನದ ಕಥೆ ಮುಗಿದಂತೆ. ಅಕ್ಕ ಬಾಯಿ ಬಿಡುವಂತೆಯೂ ಇರಲಿಲ್ಲ. 'ಮನೆ ವಿಷಯ ಹೊರಗೆ ಹೋಗಬಾರದು. ಜನ ನಗಬೇಕು, ಅಷ್ಟೇ' ಎಂದು ತಮ್ಮ ಆಣೆ ಹಾಕಿಸಿಕೊಂಡಿದ್ದ.

ಅಷ್ಟರಲ್ಲಿ ಪತ್ರಿಕೆಯವಳ ಕಣ್ಣು ಯಂತ್ರದಿಂದ ಹೊರಬಂದ ಹಸಿ ಹಾಳೆಯ ಮೇಲೆ ಬಿತ್ತು. ಆಲೂಗಡ್ಡೆ ತಲೆಯ ಗಂಡಸೊಬ್ಬ ತಟ್ಟೆಯಲ್ಲಿ ಕೈಯೊಂದನ್ನಿಟ್ಟು ಹೆಂಗಸಿಗೆ ನೀಡುತ್ತಿದ್ದ. ಕೆಳಗೆ: 'ಕೈಕೊಟ್ಟ. ಅವಳು ಥ್ಯಾಂಕ್ಸ್ ಕೂಡ ಹೇಳಲಿಲ್ಲ.'

ಅವಳು ಕಿಸಕ್ಕನೆ ನಕ್ಕಳು. "ಅಂದ್ರೆ ನಿಮ್ಮ ತಮ್ಮ ಕೈಕೊಟ್ಟ ಅಂತ ಬೀದಿಯವರು ಹೇಳಿದ್ದು ನಿಜ. ಕೈಕೊಟ್ಟಿದ್ದು ನಿಮಗೇನಾ?"

ಊರಬಾಯಿಗೆ ಬೀಗ ಹಾಕುವವರುಂಟೇ?

"ಹೂಂ. ನನಗೇ."

"ಕೆಲಸದ ಮಧ್ಯದಲ್ಲಿ?"

"ಯಂತ್ರ ಓಡ್ತಾ ಇತ್ತು."

"ಒಂದು ಸಲ ಯೋಚನೆ ಕೂಡ ಮಾಡದೆ?"

"ಒಂದು ಸಲಾನೂ ಮಾಡಲಿಲ್ಲ."

"ಛೇ! ಒಡಹುಟ್ಟಿದವನೇ ಹೀಗೆ ಮಾಡೋದಾ?"

"ಒಡಹುಟ್ಟಿದವನಲ್ಲದೆ ಇನ್ಯಾರು ಮಾಡ್ತಾರೆ?"

ಅಕ್ಕ ಕೈಯ ಶಾಯಿ ಒರೆಸಿಕೊಂಡು ಮುದುಕಿಯ ಚಿತ್ರವನ್ನು ತನ್ನತ್ತ ಎಳೆದುಕೊಂಡಳು. "ಇದು ನಂದು. ಅವನು ಬರೆದದ್ದು ಅಂತ ಯಾರು ಹೇಳಿದ್ರು ನಿಮಗೆ? ಅವನಿಗೆ ಒಂದು ನೆಟ್ಟಗಿನ ಗೆರೆ ಎಳೆಯೋಕೂ ಬರಲ್ಲ." ಇಷ್ಟು ದೊಡ್ಡ ಸುಳ್ಳು ಹೇಳುವಾಗಲೂ ಅವಳ ಎದೆ ಡವಗುಟ್ಟಲಿಲ್ಲ.

"ಹಾಗಾದ್ರೆ ಆ ಸೊಟ್ಟ ಗೆರೆ ನಾಟಕ ಅಲ್ವಾ?"

"ಅಲ್ಲ. ಅವನ ಕೈಲಾಗೋದೇ ಅಷ್ಟು."

ಪತ್ರಿಕೆಯವಳು ಪೆಚ್ಚಾದಳು, ಆಮೇಲೆ ಅದೂ ಒಳ್ಳೆಯ ಸುದ್ದಿಯೇ ಅನ್ನಿಸಿ ಗೆಲುವಾಗಿ ಎದ್ದು ಹೋದಳು.

ಒಳಕೋಣೆಯಿಂದ ತಮ್ಮನ ದನಿ ಬಂತು. "ಏನಂದೆ ಅಕ್ಕಾ?"

"ನಿನಗೆ ಬರೆಯೋಕೆ ಬರಲ್ಲ ಅಂದೆ."

ಅವನು ಗೊಳ್ಳೆಂದು ನಕ್ಕ. "ಚಿತ್ರ ನೋಡಿ ನಕ್ಕಳಾ?"

"ನಕ್ಕಳು."

"ಸಾಕು ಬಿಡು."

ಅಕ್ಕ ಒಳಗೆ ಹೋಗಿ ಅವನ ಅಂಗಿಯ ಗುಂಡಿ ಹಾಕಿದಳು, ಜೋತಾಡುತ್ತಿದ್ದ ಬಲತೋಳನ್ನು ಮಡಿಸಿ ಪಿನ್ನು ಚುಚ್ಚಿದಳು.

ಎರಡು ವರ್ಷದ ಹಿಂದೆ ಅವಳ ಜಡೆಯನ್ನು ಹಿಡಿದು ತಲೆಯನ್ನೂ ಒಳಗೆಳೆಯುತ್ತಿದ್ದ ಯಂತ್ರದ ಉರುಳೆಗಳ ನಡುವೆ ತಮ್ಮ ಅಡ್ಡ ಕೊಟ್ಟದ್ದು ಆ ಕೈಯನ್ನೇ.