ಎಣ್ಣೆ ಕಲೆ

ಹಳೇ ಕಾರಿನ ಆಯಿಲ್ ಪ್ಯಾನ್ ಗ್ಯಾಸ್ಕೆಟ್ ಸವೆದು, ಗೇಟಿನ ಮುಂದೆ ದಿನವೂ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮಗ ಕಾರಿನಡಿ ಮಲಗಿ ಹೊಸದನ್ನು ಕೂರಿಸಿದ. ಸರಿಯಾಗಿ ಕೂತಿತೋ ಇಲ್ಲವೋ ಎಂದು ಪ್ರತಿ ಬೋಲ್ಟನ್ನೂ ಮೂರು ಸಲ ಮುಟ್ಟಿ ನೋಡಿದ.

“ಸೋರ್ಲಿ ಬಿಡೋ. ಆ ಕಲೆ ನಿಂಗೇನು ಮಾಡಿದೆ?” ಅಪ್ಪ ಗೊಣಗಿದರು.

“ಒಂದೇ ಥರದ ಐವತ್ತು ಮನೇಲಿ ನಮ್ಮನೆ ಮುಂದೆ ಮಾತ್ರ ಈ ಗಲೀಜು ಅಪ್ಪ. ನೋಡಿದೋರು ಏನಂತಾರೆ?”

ಅಪ್ಪ ವಾಕಿಂಗ್ ಹೊರಟರು. ಮಗ ಸೋಪಿನಪುಡಿ ಹಾಕಿ ಕಲೆಯನ್ನೂ ಉಜ್ಜಿ ತೊಳೆದ.

ಮುಸ್ಸಂಜೆಗೆ ಅಪ್ಪ ಪ್ರತಿ ಗೇಟಿನ ಮುಂದೆಯೂ ನೆಲ ನೋಡುತ್ತ ಬಂದರು. ಗೇಟಿನಲ್ಲಿ ನಿಂತಿದ್ದ ಮಗನನ್ನೂ ದಾಟಿ ಮುಂದೆ ಹೋದರು.

“ಅಪ್ಪಾ, ಏನು ಹುಡುಕ್ತಿದೀರ?”

ಅವರು ತಿರುಗಿ ಕೈಮುಗಿದರು. “ಮುಂದ್ಗಡೆ ಎಣ್ಣೆ ಕಲೆ ಇರೋ ಮನೆ ಯಾವ್ದು ಸ್ವಾಮಿ? ಅಲ್ಲಿ ನನ್ನ ಮಗ ಕಾಯ್ತಿರ್ತಾನೆ.”