ಮೂರನೇ ಮಹಡಿ, ಎಡಗಡೆ ಬಾಗಿಲು

“ಈ ಮನೆ ಬಿಟ್ಟು ಹೊರಟ ಮೇಲೆ ಒಂದೇ ಒಂದು ದಿನಾನೂ ನಿನ್ನನ್ನ ಇನ್ನೊಬ್ಬರ ಮನೇಲಿ ಇರಿಸಲ್ಲ,” ಎಂದು ವೆಲ್ಡರ್ ಹೆಂಡತಿಗೆ ಮಾತು ಕೊಟ್ಟದ್ದು ಮದುವೆಯಾದ ಎಂಟನೇ ದಿನ, ಅವನ ಅಣ್ಣನ ಮನೆಯ ಹಿತ್ತಿಲಲ್ಲಿ. ಅಂದು ಬೆಳಗ್ಗೆ ಓರಗಿತ್ತಿ ಅವಳ ಕೈಯಿಂದ ಸೌಟು ಕಿತ್ತುಕೊಂಡಿದ್ದಳು. ಆ ಮನೆ ಬಿಡಲು ಒಂಬತ್ತು ವರ್ಷ ಹಿಡಿಯಿತು. ಅದೂ ಪರದೇಶದಲ್ಲಿ ಕೆಲಸ ಸಿಕ್ಕಿದ್ದರಿಂದ.

ಈಗ ಆ ಹೆಂಡತಿ ಪರದೇಶದ ಮನೆಯ ಬಾಗಿಲ ಹೊರಗೆ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಮೂರು ದಿನದ ರಜೆ ಮುಗಿಸಿ ಮಧ್ಯಾಹ್ನ ಬಂದು ಕೀಲಿ ತಿರುಗಿಸಿದರೆ, ಬಾಗಿಲು ನಾಲ್ಕು ಬೆರಳು ತೆರೆದು ಗಕ್ಕನೆ ನಿಂತಿತ್ತು. ಒಳಗಿನಿಂದ ಸರಪಳಿ. ಸಂದಿಯಲ್ಲಿ ಈರುಳ್ಳಿ ಹುರಿಯುವ ವಾಸನೆ. ಮರುಕ್ಷಣವೇ ಯಾರೋ ಒಳಗಿನಿಂದ ಬಾಗಿಲನ್ನು ದಬಾರನೆ ಮುಚ್ಚಿದರು.

“ರೀ, ಒಳಗೆ ಯಾರೋ ಇದಾರೆ.”

“ಕಳ್ಳ.”

“ಕಳ್ಳ ಈರುಳ್ಳಿ ಹುರೀತಾನಾ?”

“ನಾವು ಹೋದಾಗಿಂದ ಇಲ್ಲೇ ಇದಾನೋ ಏನೋ. ಅವನಿಗೂ ಹೊಟ್ಟೆ ಇಲ್ವಾ?”

“ನೀವು ಅವನ ಕಡೆ ಮಾತಾಡ್ಬೇಡಿ! ನನ್ನ ಒಲೆ ಅದು.”

ಅವಳು ಕಳ್ಳನಿಗೆ ಹೆದರಿರಲಿಲ್ಲ. ಅಡುಗೆಮನೆ ಮತ್ತೆ ಕೈತಪ್ಪಿತಲ್ಲ ಎಂಬುದೇ ಅವಳ ಸಂಕಟ.

ಅವರು ಈ ಊರಿಗೆ ಬಂದು ಹನ್ನೆರಡು ದಿನವಾಗಿತ್ತು. ಕಾರ್ಖಾನೆಯವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಈ ಕಟ್ಟಡ, ಮೂರನೇ ಮಹಡಿ, ಎಡಗಡೆ ಬಾಗಿಲು, ಕೀಲಿ ಕಾಲೊರಸಿನ ಕೆಳಗೆ. ಬಾಗಿಲುಗಳ ಮೇಲೆ ಹೆಸರಿಲ್ಲ, ನಂಬರಿಲ್ಲ. ಗಂಟುಮೂಟೆ ಹೊತ್ತು ಮೂರು ಸುತ್ತು ಮೆಟ್ಟಿಲು ಹತ್ತಿ ಕಾಲೊರಸು ಎತ್ತಿದರೆ ಕೀಲಿ ಅಲ್ಲೇ ಇತ್ತು. ಒಳಗೆ ಕಾಲಿಟ್ಟವರು ದಂಗಾದರು. ಸೋಫಾ, ಮಂಚ, ಇಸ್ತ್ರಿ ಮಾಡಿದ ಪರದೆ, ಡಬ್ಬದ ತುಂಬ ಸಕ್ಕರೆ. ಬಾಗಿಲ ಬಳಿ ಮೆತ್ತನೆಯ ಚಪ್ಪಲಿ ಸಹ. ಅಳತೆ ಒಂದಿಷ್ಟು ದೊಡ್ಡದು, ಅಷ್ಟೇ.

“ಕೆಲಸಗಾರರನ್ನ ನೋಡ್ಕೊಳ್ಳೋದು ಅಂದ್ರೆ ಹೀಗೆ,” ಎಂದ ವೆಲ್ಡರ್, ಚಪ್ಪಲಿ ಮೆಟ್ಟಿ ಹಾಲಿನಲ್ಲಿ ಎರಡು ಸುತ್ತು ಹಾಕಿ.

ಒಂದು ಬೀರುವಿಗೆ ಬೀಗವಿತ್ತು. ಇರಲಿ, ಕಂಪನಿಯ ಕಾಗದಪತ್ರ ಇರಬಹುದು. ಗೋಡೆಯ ಮೇಲೆ ಚೌಕಟ್ಟಿನೊಳಗೆ ಒಬ್ಬ ಬೊಕ್ಕತಲೆಯವನು ನಗುತ್ತಿದ್ದ. “ಫ್ರೇಮ್ ಅಂಗಡಿಯವರೇ ಒಂದು ಫೋಟೋ ಹಾಕಿ ಮಾರ್ತಾರೆ,” ಎಂದು ವೆಲ್ಡರ್ ತಿಳಿಹೇಳಿದ. ಆರು ವರ್ಷದ ಮಗಳು ಪುಟ್ಟಿ ಅವನಿಗೆ ‘ಫೋಟೋ ಮಾಮ’ ಎಂದು ಹೆಸರಿಟ್ಟಳು. ದಿನಾ ಬೆಳಗ್ಗೆ ಹಲ್ಲುಜ್ಜಿ ಬಂದು ಅವನಿಗೆ ಹಲ್ಲು ತೋರಿಸುತ್ತಿದ್ದಳು.

ಎದುರುಮನೆಯ ಅಜ್ಜಿಯೊಬ್ಬಳು ಎರಡು ದಿನಕ್ಕೊಮ್ಮೆ ನೀರಿನ ಕ್ಯಾನು ಹಿಡಿದು ಬರುತ್ತಿದ್ದಳು. ಮೊದಲು ಕಾಲೊರಸು ಎತ್ತಿ ನೋಡುವುದು, ಆಮೇಲೆ ಬೆಲ್ ಒತ್ತುವುದು ಅವಳ ಪದ್ಧತಿ. ಕಿಟಕಿಯ ಗಿಡಗಳಿಗೆ ನೀರು ಹಾಕಿ, ಇವರನ್ನು ನೋಡಿ ನಕ್ಕು ಹೋಗುತ್ತಿದ್ದಳು.

“ಗಿಡಕ್ಕೆ ನೀರು ಹಾಕೋಕೂ ಆಳು ಇಟ್ಟಿದಾರಲ್ರೀ!”

“ಕಂಪನಿ ಅಂದ್ರೆ ಸುಮ್ನೇನಾ?”

ವೆಲ್ಡರ್‌ಗೆ ಅಲ್ಲಿನ ಭಾಷೆಯಲ್ಲಿ ಬರುತ್ತಿದ್ದದ್ದು ಹತ್ತರವರೆಗಿನ ಎಣಿಕೆ, ‘ದಯವಿಟ್ಟು’ ಮತ್ತು ‘ಬೆಂಕಿ, ಎಚ್ಚರ’. ಅಷ್ಟರಲ್ಲೇ ಅಜ್ಜಿಯನ್ನು ಉಪಚರಿಸಿ ಟೀ ಕುಡಿಸಿದ್ದ.

ಹೆಂಡತಿ ಮಾತ್ರ ಅಡುಗೆಮನೆ ಬಿಟ್ಟು ಕದಲಲಿಲ್ಲ. ಒಲೆಯ ಎಡಕ್ಕಿದ್ದ ಡಬ್ಬಗಳನ್ನೆಲ್ಲ ಬಲಕ್ಕೆ ತಂದಳು. ಮಾರನೇ ದಿನ ಪುನಃ ಎಡಕ್ಕೆ ಒಯ್ದಳು. ಗೋಡೆಗೆ ಐದು ಮೊಳೆ ಹೊಡೆಸಿದಳು. ಬೇಕಿದ್ದದ್ದು ಎರಡೇ. ಯಾರನ್ನೂ ಕೇಳಬೇಕಾಗಿರಲಿಲ್ಲವಲ್ಲ, ಅದಕ್ಕೇ ಐದು.

ಯಂತ್ರಗಳ ರಿಪೇರಿಗೆಂದು ಕಾರ್ಖಾನೆ ಮೂರು ದಿನ ಮುಚ್ಚಿತು. ಗಂಡ ಬಲವಂತ ಮಾಡಿ ಸಮುದ್ರ ತೋರಿಸಲು ಕರೆದೊಯ್ದ. ಅವಳು ಸಮುದ್ರಕ್ಕೆ ಬೆನ್ನು ಹಾಕಿ ಕೂತು ಕೇಳಿದಳು: “ನಲ್ಲಿ ನಿಲ್ಲಿಸಿದ್ನಾ? ಕಿಟಕಿ ಹಾಕಿದ್ನಾ? ಬನ್ರೀ ಹೋಗೋಣ. ನಮ್ಮನೆ ಅಂತ ಒಂದಿರುವಾಗ ಈ ಹೋಟೆಲ್ ಯಾಕೆ?”

ಹಾಗೆ ಬಂದರೆ, ಮನೆಯಲ್ಲಿ ಈರುಳ್ಳಿ ಹುರಿಯುವ ಕಳ್ಳ.

ವೆಲ್ಡರ್ ಪೊಲೀಸರಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದ. ಅಷ್ಟರಲ್ಲೇ ಕೆಳಗಿನಿಂದ ಬೂಟಿನ ಸದ್ದು. ಪೊಲೀಸ್ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಹತ್ತಿ ಬಂದಳು. ಕರೆಯುವ ಮೊದಲೇ ಬರುವ ಪೊಲೀಸರನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ನೋಡಿದ್ಯಾ? ದೇಶ ಅಂದ್ರೆ ಇದು!”

ಕಳ್ಳನಿಗೆ ಅಲ್ಲಿನ ಭಾಷೆಯಲ್ಲಿ ಏನೆನ್ನುತ್ತಾರೋ ತಿಳಿಯದೆ, ಅವನು ಬಾಗಿಲತ್ತ ಕೈ ತೋರಿ “ಬೆಂಕಿ, ಎಚ್ಚರ!” ಎಂದು ಕೂಗಿದ. ಅವಳು ಅವನನ್ನೇ ಅಡಿಯಿಂದ ಮುಡಿಯವರೆಗೆ ನೋಡಿ ಬಾಗಿಲು ಬಡಿದಳು. ಸರಪಳಿ ಸರಿಯಿತು.

ಪುಟ್ಟಿ ಎಲ್ಲರಿಗಿಂತ ಮೊದಲು ಕುಣಿದಳು.

“ಅಮ್ಮಾ, ಫೋಟೋ ಮಾಮ!”

ಬೊಕ್ಕತಲೆಯವನು ಅಳತೆಗೆ ಸರಿಯಾದ ಮೆತ್ತನೆಯ ಚಪ್ಪಲಿಯಲ್ಲಿ ನಿಂತಿದ್ದ. ಅಂಗೈಯಲ್ಲಿ ಐದು ಮೊಳೆ. ಹಿಂದೆ, ಇನ್ನೂ ಬಿಚ್ಚದ ಪ್ರಯಾಣದ ಪೆಟ್ಟಿಗೆಗಳ ನಡುವೆ, ಅವನ ಹೆಂಡತಿ ಅಳುತ್ತಾ ಡಬ್ಬಗಳತ್ತ ಬೆರಳು ತೋರಿಸುತ್ತಿದ್ದಳು.

ಪೊಲೀಸ್ ಹೆಂಗಸು ಕಾರ್ಖಾನೆಯ ಚೀಟಿ ಓದಿದಳು, ಎರಡು ಸಲ. ಆಮೇಲೆ ವೆಲ್ಡರ್‌ನ ತೋಳು ಹಿಡಿದು ಕಟ್ಟಡದ ಬುಡಕ್ಕೆ, ಬೀದಿಬಾಗಿಲಿಗೆ ಇಳಿಸಿದಳು. ಹೆಂಡತಿ, ಮಗಳು ಹಿಂಬಾಲಿಸಿದರು. ಅಲ್ಲಿ ನೆಲವನ್ನು ಬೂಟಿನಿಂದ ತಟ್ಟಿ ಅವಳು “ಒಂದು” ಎಂದಳು. ಒಂದು ಸುತ್ತು ಮೆಟ್ಟಿಲು ಹತ್ತಿ “ಎರಡು” ಎಂದಳು. ಇನ್ನೊಂದು ಸುತ್ತು ಹತ್ತಿ “ಮೂರು” ಎಂದು ನಿಂತಳು. ಫೋಟೋ ಮಾಮನ ಬಾಗಿಲು ಇನ್ನೂ ಒಂದು ಸುತ್ತು ಮೇಲಿತ್ತು. ಎಡಗಡೆ ಬಾಗಿಲ ಕಾಲೊರಸು ಎತ್ತಿದಳು. ಧೂಳು ಹಿಡಿದ ಕೀಲಿ ಅಲ್ಲಿತ್ತು.

ವೆಲ್ಡರ್ ಮಾತು ತಪ್ಪಿದ್ದ: ಪರದೇಶಕ್ಕೆ ಬಂದಾಗಿನಿಂದ ಅವನ ಹೆಂಡತಿ ಒಂದು ದಿನವೂ ತನ್ನ ಮನೆಯಲ್ಲಿ ಇರಲಿಲ್ಲ.